ಕೈಗುಣ ಕಾಲ್ಗುಣ

ಪ್ಯಾರಮಟ್ಟಾ
14 ನವೆಂಬರ್ 2004

ಪ್ರಿಯ ಶ್ರೀನಾಥ,

ನಾವು ಕ್ಷೇಮ, ಕ್ಲಬ್ಬು ಕ್ಷಾಮ. ಇಮೇಲ್ ಮಾಡೋಣವೆಂದರೆ ಹೋದ ಸಲ ನಾನು ಕನ್ನಡದಲ್ಲಿ ಬರೆದದ್ದೆಲ್ಲ ನಿನ್ನ ಕಂಪ್ಯೂಟರಿನಲ್ಲಿ ಬರೀ ಚೌಕದ ಡಬ್ಬಿಗಳಾಗಿ ಬಂತೆಂದೆ. ಇಂಗ್ಲಿಷಿನಲ್ಲಿ ಬೈದರೆ ಬೈದ ತೃಪ್ತಿ ಸಿಗುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಬೈಯಬೇಕಾದವನು ನೀನಲ್ಲ, ಹೆದರಬೇಡ. ಈ ಜನವರಿಯಲ್ಲಿ ಮಗಳ ಸ್ಕೂಲಿನ ನೆಪ ಹೇಳಿ ನೀನು ಗ್ಲೆನ್ ವೇವರ್ಲಿಗೆ ಹೋದಾಗ ನಾವು ಕ್ಷಮಿಸಿದೆವು. ನೀನು ಹೋದದ್ದರಿಂದ ನಮ್ಮ ಕನ್ನಡ ಯುವಕರ ಬಳಗಕ್ಕೆ ಒಬ್ಬ ಒಳ್ಳೆಯ ಗೋಲ್‌ಕೀಪರ್ ಸಿಕ್ಕಿದ. ಆದರೆ ಫಾರ್ವರ್ಡ್ ಹರ್ಷವರ್ಧನ್ ಮಾಡಿದ್ದನ್ನು ಕ್ಷಮಿಸುವುದು ಹೇಗೆ? ಸೆಪ್ಟೆಂಬರಿನಲ್ಲಿ, ಲೀಗ್ ಮುಗಿದ ಮರುವಾರವೇ, ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತೆಂದು ಕ್ಯಾಪ್ಟನ್ ಲಕ್ಷ್ಮೀಶನಿಗೆ ಒಂದು ಸಾಲಿನ ಮೆಸೇಜ್ ಕಳಿಸಿ ಹೊರಟೇ ಹೋದ. ಇಮೇಲ್ ಫಾರ್ವರ್ಡ್ ಮಾಡುವವರು ಕೂಡ ಮೇಲೆ ಎರಡು ಸಾಲು ಬರೆಯುತ್ತಾರೆ.

ಈಗ ಮೈದಾನದ ಅಂಚಿನಲ್ಲಿ ಪ್ರತಿ ಭಾನುವಾರ ಒಂದೇ ಚರ್ಚೆ: ಅವನು ಹೋದದ್ದು ನಷ್ಟವೋ ಲಾಭವೋ. ಅಭಿಮಾನಿ ಬಳಗದ ಅಧ್ಯಕ್ಷನಾಗಿ ನನ್ನ ತೀರ್ಪು, ಲಾಭ. ನೀನು ನೋಡಿದ್ದು ಹೋದ ವರ್ಷದ ಹರ್ಷನನ್ನು. ಈ ಜುಲೈ ನಂತರದವನನ್ನು ನೀನು ನೋಡಿಲ್ಲ. ಚೆಂಡು ಬಂದರೆ ನೋಡುತ್ತಿದ್ದ, ಹೋದರೂ ನೋಡುತ್ತಿದ್ದ. ನಾವು ಅವನಿಗೆ ಲೈಟ್ ಕಂಬ ಎಂದು ಹೆಸರಿಟ್ಟಿದ್ದೆವು. ಗೋಲು ನಿಂತಿತು, ಗೋಳು ಶುರುವಾಯಿತು. ಹೆಡರ್ ಹೊಡೆಯೋ ಎಂದರೆ ಹೆದರಿ ನಿಲ್ಲುತ್ತಿದ್ದ.

ನನ್ನ ಅಮ್ಮ ಕಾಳಮ್ಮ ಜೂನಿನಲ್ಲಿ ಮದ್ದೂರಿನಿಂದ ಬಂದದ್ದು ನಿನಗೆ ಗೊತ್ತು. ನಮ್ಮನ್ನು ನೋಡಿಕೊಂಡು ಹೋಗಲು ಬಂದವಳು ಸೊಸೆ ರುದ್ರಾಣಿ ಬಸುರಿಯೆಂದು ತಿಳಿದ ಮೇಲೆ ಬಾಣಂತನ ಮುಗಿಸಿಯೇ ಹೋಗುವುದೆಂದು ಉಳಿದಿದ್ದಾಳೆ. ಬಂದ ವಾರವೇ ಅವಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಷ್ಟು ಜನ ಗಂಡಸರು ಒಂದು ಚೆಂಡಿಗಾಗಿ ಕಿತ್ತಾಡುವುದನ್ನು ಕಂಡು ಅವಳಿಗೆ ಪಾಪ ಅನ್ನಿಸಿ, ಹತ್ತಿರ ನಿಂತಿದ್ದ ಹುಡುಗನ ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಇಟ್ಟಳು. ಅವನೇ ಹರ್ಷ. ಅವತ್ತು ಮೂರು ಗೋಲು ಹೊಡೆದ. ಕಾಳಮ್ಮನ ಕೈಗುಣವೆಂದು ಪ್ಯಾರಮಟ್ಟಾ ತುಂಬ ಮಾತು. ಆಮೇಲೆ ಅವಳು ಡಬ್ಬಿಯಿಲ್ಲದೆ ಒಂದು ಮ್ಯಾಚಿಗೂ ಬರಲಿಲ್ಲ. ಅಂಥವಳಿಗೂ ಹೋಗಿ ಬರ್ತೀನಿ ಎನ್ನಲಿಲ್ಲ ಪುಣ್ಯಾತ್ಮ. ಒಂದು ಕಾಲ್ ಕೂಡ ಇಲ್ಲ. ಕಾಲ್ ಮಾಡದವನ ಕಾಲು ಎಷ್ಟು ಚೆನ್ನಾಗಿದ್ದರೇನು?

ಆ ಕಡೆ ಎಲ್ಲಾದರೂ ಕಣ್ಣಿಗೆ ಬಿದ್ದರೆ ತಿಳಿಸು. ಆದರೆ ಹುಷಾರಾಗಿ ಬರೆ. ಇಲ್ಲಿನ ಲೆಟರ್ ಬಾಕ್ಸಿನಲ್ಲಿ ಪಿಜ್ಜಾ ಅಂಗಡಿಯ ಕರಪತ್ರ ನೋಡಿ ನೋಡಿ ಅಮ್ಮನಿಗೆ ಬೇಜಾರಾಗಿದೆ. ಕನ್ನಡದ ಅಕ್ಷರ ಕಂಡರೆ ಮೊದಲು ಅವಳೇ ಓದುತ್ತಾಳೆ.

ನಿನ್ನ
ಯೋಗೀಶ


ಗ್ಲೆನ್ ವೇವರ್ಲಿ
2 ಡಿಸೆಂಬರ್ 2004

ಈ ಪತ್ರದ ಮೊದಲ ಓದುಗರಾದ ಅಮ್ಮನಿಗೆ ನಮಸ್ಕಾರ. ಎರಡನೆಯ ಓದುಗನಾದ ಯೋಗಿಗೆ ಅವನ ಯೋಗ್ಯತೆಗೆ ತಕ್ಕಷ್ಟು.

ಲೋ, ಹೋದ ವರ್ಷ ದೀಪಾವಳಿ ಕಪ್ ಯಾರಿಂದ ಬಂತು? ಗೋಲಿನಲ್ಲಿ ನಾನಿದ್ದೂ ಬಂತು ಎಂದರೆ ಆ ಹುಡುಗನ ಬೆಲೆ ಎಷ್ಟೆಂದು ನೀನೇ ಲೆಕ್ಕ ಹಾಕು. ಫಾರ್ವರ್ಡ್ ಎಂದರೆ ಅಡುಗೆ ಬಡಿಸುವವನ ಹಾಗೆ. ಒಳಗಿನಿಂದ ಪಾತ್ರೆ ಬಾರದಿದ್ದರೆ ಅವನು ಖಾಲಿ ಸೌಟು ಹಿಡಿದು ಪಂಕ್ತಿಯಲ್ಲಿ ನಿಲ್ಲಬೇಕಾಗುತ್ತದೆ. ನಿಮ್ಮ ಲಕ್ಷ್ಮೀಶ ಪಾಸ್ ಕೊಟ್ಟನೇ? ಕಾಲೇಜಿನಲ್ಲೂ ಅವನಿಗೂ ಪಾಸಿಗೂ ಆಗಿಬರುತ್ತಿರಲಿಲ್ಲ.

ಹರ್ಷ ಕಣ್ಣಿಗೆ ಬಿದ್ದನೇ ಎಂದು ಕೇಳಿದ್ದೀಯ. ಮೆಲ್ಬರ್ನ್ ದೊಡ್ಡ ಊರು ಕಣೋ. ಇಲ್ಲಿ ರೈಲು ಹತ್ತಿದರೆ ಒಂದು ಸಬರ್ಬ್ ಮುಗಿಯುವಷ್ಟರಲ್ಲಿ ಒಂದು ನಿದ್ದೆ ಮುಗಿಯುತ್ತದೆ. ಯಾರು ಯಾರಿಗೆ ಸಿಗುತ್ತಾರೆ?

ಹವೆ ಎಂದಿನಂತೆ ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಬನಿಯನ್, ಸಂಜೆ ಛತ್ರಿ. ಉಷಾ ಮತ್ತು ಇಂಚರಾ ಚೆನ್ನಾಗಿದ್ದಾರೆ. ಇಂಚರಾಗೆ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಾಳೆ. ಅಮ್ಮನಿಗೆ ಚಳಿ ಸೇರಿತೋ? ರುದ್ರಾಣಿಯ ಆರೋಗ್ಯ ಬರೆ.

ಶ್ರೀನಾಥ


ಪ್ಯಾರಮಟ್ಟಾ
19 ಡಿಸೆಂಬರ್ 2004

ಸುಳ್ಳಿನ ಗೋಲ್‌ಕೀಪರನೇ,

ಮೆಲ್ಬರ್ನ್ ದೊಡ್ಡ ಊರು, ಸರಿ. ಆದರೆ ಅಲ್ಲೇ ಕ್ರಾನ್‌ಬರ್ನಿನಲ್ಲಿ ಲಕ್ಷ್ಮೀಶನ ಚಿಕ್ಕಪ್ಪನ ಮಗನಿದ್ದಾನೆ, ಅವನ ಹತ್ತಿರ ಡಿಜಿಟಲ್ ಕ್ಯಾಮೆರಾ ಇದೆ. ಅವನು ಕಳಿಸಿದ ಫೋಟೋದಲ್ಲಿ ಹರ್ಷ ಎರಡು ಹೆಗಲುಗಳ ಮೇಲೆ ಕೂತು ಕೈ ಬೀಸುತ್ತಿದ್ದಾನೆ. ಆ ಹೆಗಲುಗಳಲ್ಲಿ ಒಂದು ನಿನ್ನದು. ನಿನ್ನ 'ಗ್ಲೆನ್ ವೇವರ್ಲಿ ಗೆಳೆಯರು' ತಂಡಕ್ಕೆ ಅವನು ಬೇಸಿಗೆ ಲೀಗಿನಲ್ಲಿ ಆಡುತ್ತಿದ್ದಾನೆ, ವಾರ ವಾರ ಗೋಲು ಹೊಡೆಯುತ್ತಿದ್ದಾನೆ. ಗೆಳೆಯರು ಎಂದು ಹೆಸರಿಟ್ಟುಕೊಂಡು ಗೆಳೆಯನಿಗೇ ಸುಳ್ಳು ಬರೆದೆಯಲ್ಲ.

ಇಷ್ಟು ಬೈದು ಪತ್ರ ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ.

ಆ ಫೋಟೋವನ್ನು ಅಮ್ಮ ನೋಡಿದಳು. ಅವತ್ತಿನಿಂದ ಹಾಲಿಗೆ ಹೆಪ್ಪು ಹಾಕುವುದನ್ನು ನಿಲ್ಲಿಸಿದ್ದಾಳೆ. ನಾವು ಅಂಗಡಿಯ ಡಬ್ಬಿ ಮೊಸರು ತಿನ್ನುತ್ತಿದ್ದೇವೆ. ಮೈದಾನಕ್ಕೂ ಬರುವುದಿಲ್ಲ. ಏನಮ್ಮ ಎಂದರೆ, ವಯಸ್ಸಾಯಿತು ಎನ್ನುತ್ತಾಳೆ. ನಿನ್ನೆ ರುದ್ರಾಣಿಯ ತೋಳಿಗೆ ಎಣ್ಣೆ ಹಚ್ಚಲು ಕೂತವಳು ನಡುವೆಯೇ ಎದ್ದು ಕೈ ತೊಳೆದುಕೊಂಡಳಂತೆ. ರುದ್ರಾಣಿ ಬಿಡದೆ ಕೇಳಿದಾಗ ಹೊರಬಂತು.

"ನನ್ನ ಕೈಗುಣ ಕೆಟ್ಟೋಗ್ಬುಟ್ಟದೆ ಕಣವ್ವ. ಚೆನ್ನಾಗಿ ಆಡ್ತಿದ್ದ ಹುಡುಗ ನಾನು ಮುಟ್ಟಿದ್ಮೇಲೆ ಮಂಕಾದ, ಕೊನೆಗೆ ಊರೇ ಬಿಟ್ಟ. ನನ್ನಿಂದ ದೂರ ಹೋದ, ಅಲ್ಲಿ ನೆಟ್ಟಗಾದ. ಈ ಕೈಲಿ ಎಳೆಮಗು ಮುಟ್ಟಲ್ಲ ನಾನು."

ಬಾಣಂತನಕ್ಕೆಂದು ಉಳಿದವಳು ಮಗುವಿಗೆ ಎಣ್ಣೆನೀರು ಹಾಕುವುದಿಲ್ಲ ಎನ್ನುತ್ತಿದ್ದಾಳೆ. ಏಪ್ರಿಲಿಗೆ ಹೆರಿಗೆ. ರುದ್ರಾಣಿಗೆ ತಾಯಿ ಇಲ್ಲ, ನಿನಗೆ ಗೊತ್ತು.

ನಾನು ಹರ್ಷನನ್ನು ಬೈದದ್ದರಲ್ಲಿ ಅರ್ಧ ಇದಕ್ಕೇ ಕಣೋ. ನಷ್ಟ ಲಾಭದ ಮಾತು ಹಾಗಿರಲಿ. ಅವನು ಅಮ್ಮನ ಮೇಲೆ ಕೋಪ ಮಾಡಿಕೊಂಡು ಹೋದನೇ? ಅವಳಿಗೆ ಹೇಳದೆ ಯಾಕೆ ಹೋದ? ನಿಜ ಕೇಳಿ ಬರೆ. ಉತ್ತರವನ್ನು ಆಫೀಸಿನ ವಿಳಾಸಕ್ಕೆ ಹಾಕು.

ಯೋಗೀಶ


ಗ್ಲೆನ್ ವೇವರ್ಲಿ
20 ಜನವರಿ 2005

ಯೋಗಿ,

ತಡವಾಯಿತು. ಹರ್ಷ ರಜೆಗೆ ಮೈಸೂರಿಗೆ ಹೋಗಿದ್ದ. ಈ ಮಾತನ್ನು ಅವನನ್ನು ಎದುರಿಗೆ ಕೂರಿಸಿಕೊಂಡೇ ಕೇಳಬೇಕಿತ್ತು.

ಮೊದಲು ನನ್ನ ಸುಳ್ಳಿನ ವಿಷಯ. ಹರ್ಷ ಬಾಡಿಗೆಗೆ ಇರುವುದೇ ನಮ್ಮ ಮನೆಯ ಹಿಂದಿನ ರೂಮಿನಲ್ಲಿ. ಯೋಗೀಶಣ್ಣಂಗೆ ಹೇಳಬೇಡಿ, ಅಜ್ಜಿಗೆ ಗೊತ್ತಾಗತ್ತೆ ಎಂದು ಕೇಳಿಕೊಂಡಿದ್ದ. ಯಾಕೆಂದು ಆಗ ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ನನಗೆ ಒಬ್ಬ ಫಾರ್ವರ್ಡ್ ಬೇಕಾಗಿತ್ತು ನೋಡು.

ಅಂದಹಾಗೆ ಒಂದು ಸಂಗತಿ ನೆನಪಾಯಿತು. ಇಲ್ಲಿಯ ಮೊದಲ ಮ್ಯಾಚಿನ ದಿನ ಉಷಾ ಶಾಸ್ತ್ರಕ್ಕೆಂದು ಒಂದು ಬಟ್ಟಲು ಮೊಸರು ಸಕ್ಕರೆ ತಂದಿದ್ದಳು. ಅದನ್ನು ಕಂಡು ಹುಡುಗನ ಮುಖ ರೆಡ್ ಕಾರ್ಡ್ ಕಂಡವನಂತಾಯಿತು. ಬೂಟು ಕಾರಿನಲ್ಲಿದೆ ಎಂದು ಓಡಿದ. ಬೂಟು ಅವನ ಕಾಲಲ್ಲೇ ಇತ್ತು.

ನೀನು ಬರೆದದ್ದನ್ನು ಮೊನ್ನೆ ಅವನಿಗೆ ಹೇಳಿದೆ. ಆಗ ಬಾಯಿಬಿಟ್ಟ:

"ಅಣ್ಣ, ನಂಗೆ ಹಾಲು ಮೊಸರು ಹೊಟ್ಟೆಗೆ ಆಗಲ್ಲ, ಚಿಕ್ಕೋನಿದ್ದಾಗಿಂದ. ಅಜ್ಜಿ ಮೊದಲ ಸಲ ಕೊಟ್ಟಿದ್ದು ಒಂದೇ ಚಮಚ, ಅದೇನೂ ಮಾಡ್ಲಿಲ್ಲ. ಮುಂದಿನ ವಾರ ಬಟ್ಟಲಾಯ್ತು. ಆಮೇಲೆ ಡಬ್ಬಿ. ಅಜ್ಜಿನ ನೋಡಿ ಕ್ಲಬ್ಬಿನ ಆಂಟಿಯರೆಲ್ಲ ತರೋಕೆ ಶುರು ಮಾಡಿದ್ರು. ಅಜ್ಜಿ ಹತ್ರ ತಿಂದು ವಿಜಯಾ ಆಂಟಿ ಹತ್ರ ತಿನ್ನದಿದ್ರೆ ಅವರಿಗೆ ಬೇಜಾರು. ಗೋಲು ಕಮ್ಮಿ ಆದಷ್ಟೂ ಎಲ್ರೂ ಮೊಸರು ಜಾಸ್ತಿ ಮಾಡಿದ್ರು. ಕೊನೆಕೊನೆಗೆ ಓಡೋದಿರಲಿ, ಬಗ್ಗಿ ಲೇಸ್ ಕಟ್ಟೋಕೂ ಆಗ್ತಿರಲಿಲ್ಲ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಕೆಲಸ ಸಿಕ್ಕಿದ್ದು ನಿಜವೇ ಅಂತೆ. ಅಜ್ಜಿಗೆ ಹೇಳಲು ನಿಮ್ಮ ಮನೆಯವರೆಗೂ ಬಂದಿದ್ದನಂತೆ. ಕಿಟಕಿಯಲ್ಲಿ ನೋಡಿದರೆ ಅಮ್ಮ ಡಬ್ಬಿಗೆ ಮೊಸರು ತುಂಬಿಸುತ್ತಿದ್ದರು. ಬಾಗಿಲು ತಟ್ಟಲು ಧೈರ್ಯವಾಗದೆ ಹಾಗೇ ರೈಲು ಹತ್ತಿದ. ಇಲ್ಲಿ ಒಂದು ಬಾಳೆಹಣ್ಣು ತಿಂದು ಆಡುತ್ತಾನೆ, ಜಿಂಕೆಯಂತೆ ಓಡುತ್ತಾನೆ. ನೀವು ಲೈಟ್ ಕಂಬ ಎಂದು ಆಡಿಕೊಂಡಿರಲ್ಲ, ಪಾಪ, ಲೈಟಾಗಿರಲು ನೀವೆಲ್ಲಿ ಬಿಟ್ಟಿರಿ?

ಅಮ್ಮನಿಗೆ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ಮೊಸರು ತಾನೇ ಕಾರಣ ಎಂದರೆ ಅವರಿಗೆ ಇನ್ನೂ ನೋವಾದೀತೇ ಎಂದು ಉಷಾಗೆ ಹೆದರಿಕೆ.

ಇನ್ನೊಂದು ಮಾತು. ಈಸ್ಟರ್ ಶನಿವಾರ ನಮ್ಮ ತಂಡ ಪ್ಯಾರಮಟ್ಟಾಕ್ಕೆ ಬರುತ್ತಿದೆ, ನಿಮ್ಮ ಮೇಲೆ ಆಡಲು. ಹರ್ಷನೂ ಬರುತ್ತಾನೆ. ನಾನು ಕೊಟ್ಟ ಈ ಗುಟ್ಟನ್ನು ಯುದ್ಧಕ್ಕೆ ಬಳಸಬಾರದು. ಆಣೆ ಮಾಡು.

ಶ್ರೀನಾಥ


ಪ್ಯಾರಮಟ್ಟಾ
6 ಫೆಬ್ರವರಿ 2005

ಶ್ರೀನಾಥ,

ಆಣೆ ಮಾಡುವ ಮೊದಲು ಒಂದು ವಾರ ತಗೊಂಡೆ, ಸುಳ್ಳು ಹೇಳುವುದಿಲ್ಲ. ಈಸ್ಟರ್ ಶನಿವಾರ ವಿಜಯಾ ಆಂಟಿಯ ಮುಂದಾಳತ್ವದಲ್ಲಿ ಅಷ್ಟೂ ಡಬ್ಬಿಗಳನ್ನು ನಿನ್ನ ಫಾರ್ವರ್ಡಿನ ಮೇಲೆ ನುಗ್ಗಿಸುವ ಚಿತ್ರ ಕಣ್ಣ ಮುಂದೆ ಬಂದು ಬಂದು ಹೋಯಿತು. ಎಂಥ ರಕ್ಷಣಾ ಪಂಕ್ತಿ! ಊಟದ ಪಂಕ್ತಿಯೇ.

ಆದರೆ ಅಮ್ಮನ ಮುಖ ನೋಡಿದರೆ ಆ ಆಸೆ ಉಳಿಯಲಿಲ್ಲ. ಭಾನುವಾರ ಅವಳು ಅಂಗಡಿಯಿಂದ ತಂದ ಫ್ರೀಜರ್ ಅವರೆಕಾಳನ್ನು ಹಿಚುಕುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕಾಳು ಹಿಚುಕುವುದನ್ನು ಒಂದು ಕ್ಷಣ ನಿಲ್ಲಿಸಿದಳು. ನನಗೆ ಅವಳು ನಗುತ್ತಾಳೆ ಅನ್ನಿಸಿತು. ನಗಲಿಲ್ಲ.

"ನೀನು ಮಾತು ಕಲ್ತಾಗಿಂದ ತಮಾಷೆನೇ ಮಾಡ್ಕೊಂಡು ಬಂದಿದ್ದೀಯ ಕಣ್ಮಗ. ನನ್ ಸಮಾಧಾನಕ್ಕೆ ಕತೆ ಕಟ್ಟಬ್ಯಾಡ. ಮೊಸರು ತಿಂದು ಕೆಟ್ಟೋರ ಯಾರಾದ್ರೂ ನೋಡಿದ್ಯಾ ನೀನು?"

ನೋಡಿದೆಯಾ, ಜೀವನವಿಡೀ ಮಾತಿನಲ್ಲಿ ಆಟವಾಡಿದವನಿಗೆ ಸಿಕ್ಕ ಶಿಕ್ಷೆ. ಒಂದು ಸಲ ನಿಜ ಹೇಳಿದೆ, ಹೆತ್ತ ತಾಯಿ ನಂಬಲಿಲ್ಲ. ಊರಿಗೆ ಫೋನ್ ಮಾಡಿ ಅಪ್ಪನಿಂದ ಹೇಳಿಸಿದೆ. ಅಪ್ಪ, ಅಂದರೆ ನಿನ್ನ ರಾಜಣ್ಣ ಅಂಕಲ್, ಅರ್ಧ ಕೇಳಿ ನಗಲು ಶುರುಮಾಡಿ ಕೆಲಸ ಕೆಡಿಸಿದರು. ಇಬ್ಬರೂ ಸೇರಿ ಆಡಿಸುತ್ತಿದ್ದೇವೆಂದು ಅವಳಿಗೆ ಖಾತ್ರಿಯಾಯಿತು.

ಕೊನೆಗೆ ಅವಳೇ ಒಂದು ಷರತ್ತು ಹಾಕಿದ್ದಾಳೆ. ಹುಡುಗ ಬರಲಿ, ಅವನೇ ಹೇಳಲಿ. ಒಂದೇ ಒಂದು ಚಮಚ ಅವಳ ಕೈಯಿಂದ ತಿಂದು ಆಡಲಿ. ಗೋಲು ಬಂದರೆ ಕೈ ನೆಟ್ಟಗಿದೆ. ಬಾರದಿದ್ದರೆ ಮಗುವಿನ ವಿಷಯ ಇನ್ನೊಮ್ಮೆ ಎತ್ತಬಾರದು.

ಆದ್ದರಿಂದ ಇಗೋ ಆಣೆ. ಇಷ್ಟೇ ಅಲ್ಲ. ಇಪ್ಪತ್ತಾರನೇ ತಾರೀಕು ನನ್ನ ಕ್ಲಬ್ಬಿನ ಮೇಲೆ ನಿನ್ನ ಫಾರ್ವರ್ಡ್ ಗೋಲು ಹೊಡೆಯಲಿ ಎಂದು ಬೇಡಿಕೊಳ್ಳುವ ಗತಿ ಬಂದಿದೆ. ಅಭಿಮಾನಿ ಬಳಗಕ್ಕೆ ಗೊತ್ತಾದರೆ ಅಧ್ಯಕ್ಷಗಿರಿ ಹೋಗುತ್ತದೆ. ಈ ಪತ್ರ ಹರಿದು ಹಾಕು.

ಯೋಗೀಶ


ಗ್ಲೆನ್ ವೇವರ್ಲಿ
15 ಮಾರ್ಚ್ 2005

ಯೋಗಿ,

ಹರಿದಿಲ್ಲ, ಎತ್ತಿಟ್ಟಿದ್ದೇನೆ. ಮುಂದೆ ಉಪಯೋಗಕ್ಕೆ ಬರುತ್ತದೆ.

ಹರ್ಷ ಒಪ್ಪಿದ್ದಾನೆ. ಒಂದು ಚಮಚ ತೊಂದರೆಯಿಲ್ಲವಂತೆ. ಅವನ ಭಯ ಹೊಟ್ಟೆಯದಲ್ಲ, ಅಜ್ಜಿಯ ಮುಖ ಹೇಗೆ ನೋಡುವುದು ಎಂಬುದು. ಒಂದು ಮಗುವಿನ ಸ್ನಾನ ತನ್ನ ಬಲಗಾಲಿನ ಮೇಲೆ ನಿಂತಿದೆ ಎಂದು ತಿಳಿದ ಮೇಲೆ ಅಭ್ಯಾಸದಲ್ಲಿ ನಾಲ್ಕು ಸಲ ಗೋಲಿನ ಹೊರಗೆ ಹೊಡೆದ.

ನಮ್ಮ ಗೋಲ್‌ಕೀಪರ್ ಕೌಶಿಕನಿಗೆ ಮಣಿಕಟ್ಟು ಉಳುಕಿದೆ, ಅವತ್ತು ಗೋಲಿನಲ್ಲಿ ನಾನೇ. ನಿಮ್ಮವರಿಗೆ ಈ ಸುದ್ದಿ ಕೊಟ್ಟು ಹುರಿದುಂಬಿಸು. ವಿಜಯಾ ಆಂಟಿಯನ್ನು ಮಾತ್ರ ಯಾವುದಾದರೂ ನೆಪ ಹೇಳಿ ಗೇಟಿನ ಹತ್ತಿರವೇ ನಿಲ್ಲಿಸಿಕೊಂಡಿರು.

ಶ್ರೀನಾಥ


ಗ್ಲೆನ್ ವೇವರ್ಲಿ
3 ಏಪ್ರಿಲ್ 2005

ಯೋಗಿ,

ಅವತ್ತು ಎಲ್ಲರ ಮುಂದೆ ಹೇಳಲಾಗದ ಎರಡು ವಿಷಯಗಳಿವೆ.

ಮೊದಲನೆಯದು, ಆಟಕ್ಕೆ ಮುಂಚಿನದು. ನೀನು ನೋಡಲಿಲ್ಲ. ಅಮ್ಮ ನಿನ್ನನ್ನು ಕಾರಿನಿಂದ ಕುರ್ಚಿ ತರಲು ಬೇಕೆಂದೇ ಕಳಿಸಿದ್ದರು. ಹರ್ಷ ಬಂದು ಕಾಲು ಮುಟ್ಟಿದ. ಹೇಳಬೇಕೆಂದು ಹ್ಯೂಮ್ ಹೈವೇ ಉದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಅಜ್ಜಿ, ನೀವು ಕೊಟ್ಟಿದ್ದು ಸರಿಯಾಗೇ ಇತ್ತು. ನಂಗೆ ಸಾಕು ಅನ್ನೋಕೆ ಬರ್ಲಿಲ್ಲ," ಎಂದ.

ಅಮ್ಮ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಸಾಕು ಅನ್ನಾಕೆ ಬರ್ದೆ ಊರೇ ಬಿಟ್ಟೋದ್ಯಾ?" ಎಂದರು. ಗದರಿಸಿದಂತೆಯೇ ಇತ್ತು. ಒಂದು ಚಮಚ ಕೊಟ್ಟು, ತಾವೇ "ಸಾಕು" ಎಂದು ಡಬ್ಬಿ ಮುಚ್ಚಿದರು.

ಮೊದಲರ್ಧದಲ್ಲಿ ಆದದ್ದು ನಿನ್ನ ಕಣ್ಣೆದುರೇ ಆಯಿತು. ಮೂರು ಗೋಲು. ಮೂರನೆಯದು ಬಲೆಗೆ ಬಿದ್ದಾಗ ಪ್ಯಾರಮಟ್ಟಾದ ಕಡೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಇಬ್ಬರೇ, ಅಮ್ಮ ಮತ್ತು ನೀನು. ನಿನ್ನನ್ನು ಲಕ್ಷ್ಮೀಶ ನೋಡಿದ ನೋಟ ನೋಡಿ ನನಗೆ ಒಂಬತ್ತು ಗಂಟೆ ಕಾರು ಓಡಿಸಿದ ದಣಿವು ಇಳಿಯಿತು.

ಎರಡನೆಯದು. ದ್ವಿತೀಯಾರ್ಧದಲ್ಲಿ ನಾನು ಮೂರು ಗೋಲು ಬಿಟ್ಟದ್ದಕ್ಕೆ ಬಿಸಿಲು ಕಣ್ಣಿಗೆ ಹೊಡೆಯಿತು ಎಂದಿದ್ದೆ. ಮೋಡವಿತ್ತು. ನಡೆದದ್ದು ಹೀಗೆ. ವಿರಾಮದಲ್ಲಿ ಅಮ್ಮ ಗೋಲ್‌ಪೋಸ್ಟಿನ ಹಿಂದೆ ಬಂದರು. ಕಣ್ಣೊರೆಸಿಕೊಂಡು, ನನ್ನ ತಲೆ ಸವರಿ, ಮೊಸರವಲಕ್ಕಿಯ ದೊಡ್ಡ ಡಬ್ಬಿ ಬಿಚ್ಚಿದರು. ಹುಳಿಯಾಗಿ ಹಾಳಾಗುತ್ತದೆ, ದೂರದಿಂದ ಬಂದಿದ್ದೀಯ, ನೀನಾದರೂ ತಿನ್ನಪ್ಪ ಎಂದರು. ನನಗೆ ಎಲ್ಲ ಗೊತ್ತಿತ್ತು. ಆ ಕಥೆಯನ್ನು ನಿನಗೆ ಬರೆದವನೇ ನಾನು. ಆದರೂ ಬಾಯಿಂದ ಸಾಕು ಎಂಬ ಎರಡಕ್ಷರ ಹೊರಡಲಿಲ್ಲ. ಡಬ್ಬಿ ಖಾಲಿಯಾಯಿತು. ಆಮೇಲೆ ಲಕ್ಷ್ಮೀಶ ಹೊಡೆದ ಚೆಂಡು ನನ್ನ ಪಕ್ಕದಲ್ಲೇ ಹೋಯಿತು ಕಣೋ. ನಾನು ಬೀಳಬೇಕಿತ್ತು. ಬಿದ್ದರೆ ಏಳುವುದು ಹೇಗೆ ಎಂದು ಯೋಚಿಸುತ್ತಾ ನಿಂತೆ.

ಈಗ ಹರ್ಷನ ಸಂಕಟ ನನಗೆ ಹೊಟ್ಟೆಯಿಂದ ಅರ್ಥವಾಗಿದೆ. ಆದರೆ ಒಂದು ಅನುಮಾನ ಉಳಿದಿದೆ. ಅದು ಪ್ರೀತಿಯೋ, ಪ್ಲಾನೋ? ಅಮ್ಮನನ್ನು ಕೇಳಿ ಬರೆ.

ಶ್ರೀನಾಥ


ಪ್ಯಾರಮಟ್ಟಾ
27 ಏಪ್ರಿಲ್ 2005

ಪ್ರಿಯ ಶ್ರೀನಾಥ,

ಹೆಣ್ಣುಮಗು. ಫೋನಿನಲ್ಲಿ ಹೇಳಿದ್ದೇನೆ, ಆದರೂ ಕನ್ನಡದಲ್ಲಿ ಬರೆಯುವ ಸುಖ ಬೇರೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಸರು ನಿಹಾರಿಕಾ ಎಂದು ರುದ್ರಾಣಿ ಆರಿಸಿದ್ದಾಳೆ.

ಆಸ್ಪತ್ರೆಯಿಂದ ಬಂದ ದಿನ ನಾವಿಬ್ಬರೂ ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಬೇಡ ಎನ್ನುತ್ತಾಳೋ ಎಂದು ರುದ್ರಾಣಿ ನನ್ನ ಬಾಯಿ ಕಟ್ಟಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಿನಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಇಲ್ಲಿಯ ಬಚ್ಚಲು ನಿನಗೆ ಗೊತ್ತಲ್ಲ, ಒಬ್ಬರು ನಿಂತರೆ ಇನ್ನೊಬ್ಬರು ಉಸಿರು ಹಿಡಿಯಬೇಕು. ಅಮ್ಮ ಬಾಗಿಲನ್ನು ತೆರೆದಿಟ್ಟು, ಮಣೆ ಹಾಕಿ, ಕಾಲು ಹೊರಗಿನ ಪಡಸಾಲೆಯವರೆಗೂ ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದಳು. ಎರಡೂ ಅಂಗೈ ತುಂಬ ಎಣ್ಣೆ. ಮಗು ಇಡೀ ಬಿಲ್ಡಿಂಗ್ ಕೇಳುವಂತೆ ಗೋಳಿಟ್ಟಿತು, ಪಕ್ಕದ ಮನೆಯ ಲೆಬನಾನಿನ ಅಜ್ಜಿ ಓಡಿ ಬಂದರು. ಬಂದವರು ನೋಡಿ, ತಲೆಯಾಡಿಸಿ, ತಾವೇ ಚೊಂಬು ಹಿಡಿದು ನೀರು ಹೊಯ್ದರು. ಇಬ್ಬರಿಗೂ ಗೊತ್ತಿರುವ ಭಾಷೆ ಒಂದೂ ಇಲ್ಲ. ಮಗು ಆಮೇಲೆ ಮಲಗಿದ್ದು ಮಧ್ಯಾಹ್ನಕ್ಕೇ ಎದ್ದಿತು. ರುದ್ರಾಣಿ ಬಾಗಿಲಿಗೆ ಒರಗಿ ನಿಂತು ಅಳುತ್ತಿದ್ದಳು, ನನಗೂ ಕಣ್ಣಿಗೆ ಸೋಪು ಬಿದ್ದಿತ್ತು ಎಂದಿಟ್ಟುಕೋ.

ಹರ್ಷ ಫೋನ್ ಮಾಡಿದ್ದ. ಅಮ್ಮ ಅವನ ಜೊತೆ ಎಷ್ಟೋ ಹೊತ್ತು ಮಾತಾಡಿದಳು. ಮಗು ಕಾಲು ಝಾಡಿಸುವುದು ನೋಡಿದರೆ ನಿನ್ನ ಹಾಗೇ ಎಂದಳು. ಅವಳ ಕೈಗುಣವನ್ನು ಈಗ ಯಾರೂ ಪ್ರಶ್ನಿಸುವಂತಿಲ್ಲ, ಮಗುವಿನ ಕಾಲ್ಗುಣವನ್ನು ಹೊಗಳುವುದೇ ಅವಳಿಗೆ ಹೊಸ ಕೆಲಸ.

ನಮ್ಮ ಚರ್ಚೆಯನ್ನೂ ಮುಗಿಸೋಣ. ಹರ್ಷ ಹೋದದ್ದು ಕ್ಲಬ್ಬಿಗೆ ನಷ್ಟ. ಅಧ್ಯಕ್ಷನ ತಿದ್ದುಪಡಿಯಾದ ತೀರ್ಪು. ಒಬ್ಬ ಒಳ್ಳೆಯ ಫಾರ್ವರ್ಡನ್ನು ಎದುರಾಳಿಗಳು ತಡೆಯಲಾರದೆ ಹೋದರು, ನಾವು ತಡೆದೆವು, ಅದೂ ಬಡಿಸಿ ಬಡಿಸಿ. ಇದನ್ನು ಭಾನುವಾರ ಮೈದಾನದಲ್ಲಿ ಹೇಳಿದೆ. ವಿಜಯಾ ಆಂಟಿ ಒಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದರು.

ಇನ್ನು ನಿನ್ನ ಅನುಮಾನ. ಪ್ರೀತಿಯೋ ಪ್ಲಾನೋ ಎಂದು ಅಮ್ಮನನ್ನು ಕೇಳಿದೆ. ತೊಟ್ಟಿಲು ತೂಗುತ್ತಿದ್ದವಳು ತಲೆ ಎತ್ತಲಿಲ್ಲ. "ನೀನು ಹೇಳಿದ್ದು ನಿಜವಾ ಅಂತ ನೋಡ್ಬೇಕಿತ್ತು ಕಣ್ಮಗ. ಚಮಚದ್ದು ನೋಡಾಯ್ತು, ಡಬ್ಬಿದು ಯಾರ್ ಮೇಲಾದ್ರೂ ನೋಡ್ಬೇಕಲ್ಲ," ಎಂದಳು. ಮಗುವಿನ ಹೊದಿಕೆ ಸರಿಮಾಡುತ್ತಾ, "ಅದೂ ಅಲ್ದೆ, ನಮ್ ಕ್ಲಬ್ಬು ಸೋಲ್ತಿತ್ತು," ಎಂದಳು.

ಈಗ ದಿನವೂ ಹೆಪ್ಪು ಹಾಕುವುದು ಮತ್ತೆ ಶುರುವಾಗಿದೆ. ಚಮಚ ನೆಟ್ಟರೆ ನಿಲ್ಲುವಂಥ ಮೊಸರು. ನಿನಗೂ ಒಂದು ಡಬ್ಬಿ ಕಳಿಸಬೇಕೆಂದು ಅವಳ ಹಟ. ಪೋಸ್ಟ್ ಆಫೀಸಿನಲ್ಲಿ ವಿಚಾರಿಸಿ ಬಂದೆ, ಮೊಸರು ತೆಗೆದುಕೊಳ್ಳುವುದಿಲ್ಲವಂತೆ. ನಿನ್ನ ಗೋಲ್‌ಪೋಸ್ಟ್ ಉಳಿಯಿತು ಎಂದುಕೋ.

ನಿನ್ನ
ಯೋಗೀಶ